ಗುಟ್ಟಿನ ಮಾತನ್ನು ಇಡುವ ಜಾಗ



ಪಾಸ್‌ವರ್ಡ್ ಎಂಬ ಮಾತು ಈಗ ನಮ್ಮ ಕಾಸರಗೋಡಿನ ಹಳ್ಳಿಮನೆಗಳಲ್ಲಿ ಅಡಿಕೆಯ ಧಾರಣೆಯಷ್ಟೇ ಸಾಮಾನ್ಯವಾಗಿದೆ. ಕನ್ನಡದಲ್ಲಿ ಗುಪ್ತಪದ, ಮಲೆಯಾಳದಲ್ಲಿ ರಹಸ್ಯವಾಕ್ಕ್ ಎಂದು ಪುಸ್ತಕದವರು ಬರೆಯುತ್ತಾರೆ. ಮನೆಯಲ್ಲಿ ಮಾತ್ರ ಎಲ್ಲರೂ ಪಾಸ್‌ವರ್ಡ್ ಎಂದೇ ಹೇಳುತ್ತೇವೆ. ಬ್ಯಾಂಕಿಗೆ ಒಂದು, ಕರೆಂಟು ಬಿಲ್ಲಿಗೆ ಒಂದು, ರೈಲು ಟಿಕೇಟಿಗೆ ಒಂದು, ಮೊಮ್ಮಗಳ ಕಾಲೇಜು ಅರ್ಜಿಗೆ ಇನ್ನೊಂದು. ಇಷ್ಟನ್ನೂ ನೆನಪಿಟ್ಟುಕೊಳ್ಳುವುದು ಯಾರಿಂದಲೂ ಆಗದ ಕೆಲಸ. ಆಗದ್ದರಿಂದ ನಾವು ಏನು ಮಾಡುತ್ತೇವೆ? ಎಲ್ಲದಕ್ಕೂ ಒಂದನ್ನೇ ಇಡುತ್ತೇವೆ, ಇಲ್ಲವೇ ಕ್ಯಾಲೆಂಡರಿನ ಹಿಂಬದಿ ಬರೆಯುತ್ತೇವೆ. ಅದೂ ಆಗದಿದ್ದರೆ ಪೇಟೆಯಲ್ಲಿ ಅರ್ಜಿ ತುಂಬಿಸಿಕೊಡುವ ಹುಡುಗನ ನೋಟುಪುಸ್ತಕದಲ್ಲಿ ಬರೆಸಿ ಬರುತ್ತೇವೆ.

ಇದರಲ್ಲಿ ಹೊಸತೇನೂ ಇಲ್ಲ. ಗುಟ್ಟಿನ ಮಾತಿನ ಚರಿತ್ರೆ ತಿರುವಿಹಾಕಿದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕಳ್ಳನು ಗುಟ್ಟನ್ನು ಊಹಿಸಿ ಗೆದ್ದ ಸಂದರ್ಭಗಳಿಗಿಂತ, ಗುಟ್ಟನ್ನು ಬರೆದಿಟ್ಟ ಜಾಗಕ್ಕೇ ಕೈಹಾಕಿ ಗೆದ್ದ ಸಂದರ್ಭಗಳು ದೊಡ್ಡವು. ಆದ್ದರಿಂದ ಇಂದು ನಾನು ಹೇಳಹೊರಟಿರುವುದು ಆ ಜಾಗದ ಚರಿತ್ರೆಯನ್ನು.

ಕ್ರಿಸ್ತಪೂರ್ವ ಎರಡನೆಯ ಶತಮಾನದ ಪೊಲಿಬಿಯಸ್ ಎಂಬ ಗ್ರೀಕ್ ಇತಿಹಾಸಕಾರ ರೋಮನ್ ಸೈನ್ಯದ ಪಾಳೆಯದ ಪದ್ಧತಿಗಳನ್ನು ವಿವರವಾಗಿ ಬರೆದಿದ್ದಾನೆ. ರಾತ್ರಿ ಕಾವಲಿಗೆ ಒಂದು ಗುಟ್ಟಿನ ಮಾತು ಇರುತ್ತಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಸಾಲಿನ ತುದಿಯ ದಳದಿಂದ ಒಬ್ಬ ಸೈನಿಕ ಅಧಿಕಾರಿಯ ಡೇರೆಗೆ ಹೋಗಿ, ಆ ಮಾತನ್ನು ಬರೆದ ಮರದ ಹಲಗೆಯನ್ನು ಪಡೆಯಬೇಕು. ತನ್ನ ದಳಕ್ಕೆ ಮರಳಿ, ಸಾಕ್ಷಿಗಳ ಎದುರಿನಲ್ಲಿ ಪಕ್ಕದ ದಳದ ನಾಯಕನಿಗೆ ಅದನ್ನು ಒಪ್ಪಿಸಬೇಕು. ಅವನು ಮುಂದಿನವನಿಗೆ, ಅವನು ಅದರ ಮುಂದಿನವನಿಗೆ. ಹೀಗೆ ಕೈದಾಟಿ ಕತ್ತಲಾಗುವ ಮೊದಲು ಹಲಗೆ ಅಧಿಕಾರಿಯ ಕೈಗೆ ವಾಪಸಾಗಬೇಕು. ಒಂದು ಹಲಗೆ ಬಾರದಿದ್ದರೆ, ಬಂದವುಗಳ ಗುರುತು ನೋಡಿ ಯಾವ ಸಾಲಿನದು ಬಂದಿಲ್ಲ ಎಂದು ಪತ್ತೆಹಚ್ಚುತ್ತಿದ್ದರು. ತಡೆದವನಿಗೆ ಶಿಕ್ಷೆ ತಪ್ಪುತ್ತಿರಲಿಲ್ಲ. ಬ್ಯಾಂಕಿನಲ್ಲಿ ಚೆಕ್ಕುಪುಸ್ತಕಗಳ ದಾಸ್ತಾನು ಬರೆದವನಿಗೆ ಇದು ಹೊಸತೆನಿಸುವುದಿಲ್ಲ. ಯಾರ ಕೈಯಲ್ಲಿತ್ತು, ಯಾರೆದುರು ಕೊಟ್ಟರು, ಎಷ್ಟು ಹೊತ್ತಿಗೆ ಮರಳಿತು ಎಂಬ ಲೆಕ್ಕವೇ ಅದು.

ಗಡಿಯವರಾದ ನಮಗೆ ಇನ್ನೊಂದು ಹಳೆಯ ಕಥೆ ಹೆಚ್ಚು ನಾಟುತ್ತದೆ. ಬೈಬಲ್ಲಿನ ನ್ಯಾಯಸ್ಥಾಪಕರು ಎಂಬ ಭಾಗದಲ್ಲಿ ಅದು ಬರುತ್ತದೆ. ಯುದ್ಧದಲ್ಲಿ ಗೆದ್ದ ಗಿಲ್ಯಾದಿನವರು ಯೊರ್ದನ್ ಹೊಳೆಯ ಕಡವುಗಳಲ್ಲಿ ಕಾವಲು ನಿಂತರು. ದಾಟಲು ಬಂದವನಿಗೆ ‘ಷಿಬ್ಬೋಲೆತ್’ ಎಂದು ಹೇಳು ಎನ್ನುವರು. ಸೋತ ಎಫ್ರಾಯೀಮಿನವರ ಬಾಯಲ್ಲಿ ‘ಷ’ ಬಾರದೆ ‘ಸಿಬ್ಬೋಲೆತ್’ ಎಂದಾಗುತ್ತಿತ್ತು. ಅಷ್ಟಕ್ಕೇ ತಲೆ ಹೋಗುತ್ತಿತ್ತು. ನಲವತ್ತೆರಡು ಸಾವಿರ ಜನ ಹಾಗೆ ಸತ್ತರೆಂದು ಆ ಗ್ರಂಥ ಹೇಳುತ್ತದೆ. ಇಲ್ಲಿ ಗುಟ್ಟು ಹಲಗೆಯಲ್ಲಿರಲಿಲ್ಲ, ನಾಲಗೆಯಲ್ಲಿತ್ತು. ಹಳಗನ್ನಡ ಶಾಸನಗಳಲ್ಲಿ ಇದ್ದು ನಮ್ಮ ಬಾಯಿಂದ ಎಂದೋ ಜಾರಿಹೋದ ೞಕಾರ ಮಲೆಯಾಳದಲ್ಲಿ ಇನ್ನೂ ಗಟ್ಟಿಯಾಗಿ ಕುಳಿತಿದೆ. ನಾವು ಮಳೆ ಎನ್ನುವುದನ್ನು ಅವರು ಮೞ ಎನ್ನುತ್ತಾರೆ. ಕಣ್ಣೂರಿನಿಂದಾಚೆ ಕಚೇರಿಯಲ್ಲಿ ಆ ಒಂದು ಅಕ್ಷರ ಉಚ್ಚರಿಸಿ ‘ನೀವು ಕಾಸರಗೋಡಿನ ಕಡೆಯವರೋ’ ಎಂದು ಕೇಳಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಪುಣ್ಯಕ್ಕೆ ಅಲ್ಲಿ ತಲೆ ಹೋಗುವುದಿಲ್ಲ, ಒಂದು ನಗೆಯಲ್ಲಿ ಮುಗಿಯುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಡಿ ದಾಟುವವರಿಗೆ ಮಾತಿನ ಬದಲು ಮುದ್ರೆ. ಅದನ್ನು ಕೊಡುವವನು ಮುದ್ರಾಧ್ಯಕ್ಷ, ಬೆಲೆ ಒಂದು ಮಾಷಕ. ಮುದ್ರೆ ಇದ್ದವನಿಗೆ ಮಾತ್ರ ನಾಡಿನೊಳಗೆ ಬರಲು, ಹೊರಗೆ ಹೋಗಲು ಅಪ್ಪಣೆ. 2020ರಲ್ಲಿ ತಲಪಾಡಿಯಲ್ಲಿ ಪಾಸಿಗಾಗಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಬ್ಯಾಂಕುಗಳಿಗೆ ಬರೋಣ. ನಾನು ಗುಮಾಸ್ತನಾಗಿ ಸೇರಿದ ಕಾಲಕ್ಕೆ ಕಂಪ್ಯೂಟರ್ ಇರಲಿಲ್ಲ, ಆದರೆ ಗುಟ್ಟು ಕಾಯುವ ಪದ್ಧತಿ ಚೆನ್ನಾಗಿ ಪಳಗಿತ್ತು. ಸ್ಟ್ರಾಂಗ್ ರೂಮಿನ ಬಾಗಿಲಿಗೆ ಎರಡು ಬೀಗದ ಕೈ. ಒಂದು ಕ್ಯಾಶಿಯರ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ. ಒಬ್ಬರೇ ಬಂದರೆ ಬಾಗಿಲು ತೆರೆಯದು. ಬೀಗದ ಕೈಗಳ ಇನ್ನೊಂದು ಜೊತೆಯನ್ನು ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಒತ್ತಿ ಬೇರೊಂದು ಶಾಖೆಯಲ್ಲಿ ಇಡುತ್ತಿದ್ದರು, ಕಾಲಕಾಲಕ್ಕೆ ತಂದು ಬದಲಾಯಿಸುತ್ತಿದ್ದರು. ತಂತಿಯ ಮೂಲಕ ಹಣ ಕಳುಹಿಸುವಾಗ ಸಂದೇಶದ ಜೊತೆಗೆ ಒಂದು ಗುಪ್ತ ಸಂಖ್ಯೆ ಬರುತ್ತಿತ್ತು. ಅದನ್ನು ಲೆಕ್ಕಹಾಕುವ ಪುಸ್ತಕ ಅಧಿಕಾರಿಯ ಬೀಗದೊಳಗೆ. ನಮ್ಮಂಥ ಗುಮಾಸ್ತರಿಗೆ ಅದರ ರಟ್ಟು ಮಾತ್ರ ಕಾಣುತ್ತಿತ್ತು. ದೇಶದ ತಂತಿ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋಯಿತು.

ಆಮೇಲೆ ಯಂತ್ರಗಳು ಬಂದವು. ಸಿ. ರಂಗರಾಜನ್ ಅವರ ಸಮಿತಿಯ ವರದಿ 1984ರಲ್ಲಿ ಬಂದ ಮೇಲೆ ಒಂದೊಂದೇ ಶಾಖೆಗೆ ಲೆಡ್ಜರ್ ಬರೆಯುವ ಯಂತ್ರ, ಹಿಂದೆಯೇ ಪಾಸ್‌ವರ್ಡ್. ಎರಡು ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗುತ್ತಿದ್ದ ಅದೇ ಜನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮೇಜಿನ ಗಾಜಿನಡಿ ಇಟ್ಟದ್ದನ್ನು ನಾನು ನೋಡಿದ್ದೇನೆ. ಯಾವ ಶಾಖೆ ಎಂದು ಹೇಳುವ ಅಗತ್ಯವಿಲ್ಲ. ಕಬ್ಬಿಣದ ಬೀಗದ ಕೈಗೆ ತೂಕವಿತ್ತು, ಕಳೆದುಹೋದರೆ ಗೊತ್ತಾಗುತ್ತಿತ್ತು. ಮಾತು ಕಳುವಾದರೆ ಅದು ನಮ್ಮ ಬಳಿಯೂ ಇರುತ್ತದೆ, ಕಳ್ಳನ ಬಳಿಯೂ ಇರುತ್ತದೆ.

ಕಂಪ್ಯೂಟರಿಗೆ ಮೊದಲು ಪಾಸ್‌ವರ್ಡ್ ಇಟ್ಟವರಲ್ಲಿ ಫರ್ನಾಂಡೊ ಕಾರ್ಬಟೊ ಎಂಬ ವಿಜ್ಞಾನಿಯ ಹೆಸರು ಮುಖ್ಯ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಒಂದೇ ದೊಡ್ಡ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಅವರ ತಂಡ 1961ರಲ್ಲಿ ಮಾಡಿ ತೋರಿಸಿತು. ಒಬ್ಬನ ಕಡತವನ್ನು ಇನ್ನೊಬ್ಬ ತೆರೆಯಬಾರದೆಂದು ತಲೆಗೊಂದು ಪಾಸ್‌ವರ್ಡ್. ಈ ಪಾಸ್‌ವರ್ಡುಗಳೆಲ್ಲ ಯಂತ್ರದೊಳಗೇ ಒಂದು ಕಡತದಲ್ಲಿ, ಇದ್ದದ್ದು ಇದ್ದ ಹಾಗೆ, ಸಾಲಾಗಿ ಬರೆದಿದ್ದವು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆ ಸಾಲುತ್ತಿರಲಿಲ್ಲ. 1962ರ ಒಂದು ಶುಕ್ರವಾರ ರಾತ್ರಿ ಆತ ತೂತುಕಾರ್ಡಿನಲ್ಲಿ ‘ಈ ಕಡತವನ್ನು ಅಚ್ಚುಹಾಕಿ ಕೊಡಿ’ ಎಂದು ಬೇಡಿಕೆ ಸಲ್ಲಿಸಿದ. ಶನಿವಾರ ಬೆಳಿಗ್ಗೆ ಹೋದರೆ ಎಲ್ಲರ ಪಾಸ್‌ವರ್ಡೂ ಅಚ್ಚಾಗಿ ಕುಳಿತಿತ್ತು! ಕಾಲು ಶತಮಾನದ ನಂತರ ಆತನೇ ಇದನ್ನು ಒಪ್ಪಿಕೊಂಡ. ಅದೇ ದಶಕದ ಮಧ್ಯದಲ್ಲಿ ಅದೇ ಯಂತ್ರದಲ್ಲಿ ಇನ್ನೊಂದು ಎಡವಟ್ಟು ನಡೆಯಿತು. ದಿನದ ಸೂಚನೆಯ ಕಡತವೂ ಪಾಸ್‌ವರ್ಡಿನ ಕಡತವೂ ಅದಲುಬದಲಾಗಿ, ಯಂತ್ರಕ್ಕೆ ಪ್ರವೇಶಿಸಿದವರಿಗೆಲ್ಲ ಸ್ವಾಗತದ ಮಾತಿನ ಜಾಗದಲ್ಲಿ ಎಲ್ಲರ ಹೆಸರೂ ಪಾಸ್‌ವರ್ಡೂ ಬಂದವು. ಯಾರೂ ಏನನ್ನೂ ಊಹಿಸಿರಲಿಲ್ಲ.

ಇದಕ್ಕೆ ಮದ್ದು ಸುಲಭವಾಗಿತ್ತು, ಹೊಳೆಯಲು ಸ್ವಲ್ಪ ಸಮಯ ಹಿಡಿಯಿತು. ಪಾಸ್‌ವರ್ಡನ್ನು ಹಾಗೇ ಬರೆದಿಡಬಾರದು, ಅರೆದು ಇಡಬೇಕು. ದೋಸೆಗೆ ಅರೆದ ಹಿಟ್ಟಿನಿಂದ ಅಕ್ಕಿಯ ಕಾಳನ್ನು ಮರಳಿ ತೆಗೆಯಲಾಗದು, ಅಲ್ಲವೇ? ಆದರೆ ಅದೇ ಅಕ್ಕಿ, ಅದೇ ಉದ್ದು, ಅದೇ ಅಳತೆಯಲ್ಲಿ ಇನ್ನೊಮ್ಮೆ ಅರೆದರೆ ಅದೇ ಹಿಟ್ಟು. ಯಂತ್ರವೂ ಹಾಗೆಯೇ. ನೀವು ಪಾಸ್‌ವರ್ಡ್ ಕೊಟ್ಟಾಗ ಅದನ್ನು ಅರೆದು, ಇಟ್ಟಿರುವ ಹಿಟ್ಟಿಗೆ ಹೋಲಿಸಿ ನೋಡುತ್ತದೆ. ಮೂಲ ಮಾತು ಅದರ ಬಳಿ ಇರುವುದೇ ಇಲ್ಲ. ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿ 1960ರ ದಶಕದಲ್ಲೇ ಈ ವಿಧಾನ ಬಳಕೆಗೆ ಬಂತು. ಅಮೆರಿಕದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರತಿಯೊಬ್ಬರ ಪಾಸ್‌ವರ್ಡಿಗೂ ಅರೆಯುವ ಮೊದಲು ಬೇರೆಬೇರೆ ಚಿಟಿಕೆ ಬೆರಸುವ ಕ್ರಮವನ್ನು ವಿವರಿಸಿದರು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟರೂ ಹಿಟ್ಟು ಬೇರೆಯಾಗುತ್ತದೆ. ಆ ಚಿಟಿಕೆಗೆ ಅವರು ಕೊಟ್ಟ ಹೆಸರು ಏನು ಗೊತ್ತೇ? ಉಪ್ಪು. ಅಡುಗೆಮನೆಯ ಹೋಲಿಕೆ ನನ್ನೊಬ್ಬನದಲ್ಲ.

ಅದೇ ಲೇಖನದಲ್ಲಿ ಇನ್ನೊಂದು ಲೆಕ್ಕವಿದೆ. ಅವರು ಜನ ತಾವಾಗಿ ಆರಿಸಿದ 3,289 ಪಾಸ್‌ವರ್ಡುಗಳನ್ನು ಪರೀಕ್ಷಿಸಿದರು. 2,831 ದುರ್ಬಲವಾಗಿದ್ದವು, ಅಂದರೆ ನೂರಕ್ಕೆ 86. ತೀರ ಚಿಕ್ಕ ಮಾತು, ಇಲ್ಲವೇ ಹೆಸರು, ಇಲ್ಲವೇ ನಿಘಂಟಿನಲ್ಲಿ ಸಿಗುವ ಮಾತು. ಹಿಟ್ಟನ್ನು ಹಿಂದಕ್ಕೆ ಅಕ್ಕಿ ಮಾಡಲಾಗದಿದ್ದರೂ, ಊರಿನಲ್ಲಿರುವ ಅಕ್ಕಿಗಳನ್ನೆಲ್ಲ ಒಂದೊಂದಾಗಿ ಅರೆದು ನೋಡಬಹುದಷ್ಟೆ! ಮೂವತ್ತು ವರ್ಷ ಕಳೆದರೂ ಜನ ಬದಲಾಗಲಿಲ್ಲ. 2009ರ ಡಿಸೆಂಬರಿನಲ್ಲಿ ರಾಕ್‌ಯೂ ಎಂಬ ಅಮೆರಿಕದ ಕಂಪೆನಿಯಿಂದ ಮೂರು ಕೋಟಿ ಇಪ್ಪತ್ತು ಲಕ್ಷ ಪಾಸ್‌ವರ್ಡುಗಳು ಕಳುವಾದವು. ಅಲ್ಲಿ ಅವನ್ನು ಅರೆಯದೆ ಹಾಗೇ ಇಟ್ಟಿದ್ದರು. ಅವುಗಳಲ್ಲಿ ಸುಮಾರು 2 ಲಕ್ಷ 90 ಸಾವಿರ ಮಂದಿಯದ್ದು ಒಂದೇ ಪಾಸ್‌ವರ್ಡ್: 123456.

ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಡುವುದರ ಅಪಾಯ ಇಲ್ಲಿಂದಲೇ ಅರ್ಥವಾಗುತ್ತದೆ. ಯಾವುದೋ ಆಟದ ತಾಣದಿಂದ ನಿಮ್ಮ ಮಾತು ಕಳುವಾಯಿತೆನ್ನಿ. ಕಳ್ಳ ಅದೇ ಹೆಸರು, ಅದೇ ಮಾತನ್ನು ಮೈಲ್‌ಗೂ ಬ್ಯಾಂಕಿಗೂ ಹಾಕಿ ನೋಡುತ್ತಾನೆ. ಒಂದು ಗುಡಿಸಲಿನ ಬೀಗದ ಕೈಯಿಂದ ಮನೆಯ ತಿಜೋರಿಯೂ ತೆರೆದಂತೆ.

ನಾಲ್ಕಂಕಿಯ ಪಿನ್ ಬಂದದ್ದು ಬೇರೆ ದಾರಿಯಲ್ಲಿ, ಅದಕ್ಕೂ ನಮ್ಮ ದೇಶಕ್ಕೂ ಸಣ್ಣ ನಂಟಿದೆ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕು ಹಣ ಕೊಡುವ ಯಂತ್ರ ಇಟ್ಟಿತು. ಅದನ್ನು ರೂಪಿಸಿದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ಶಿಲ್ಲಾಂಗಿನಲ್ಲಿ. ಅವರಿಗೆ ಆರು ಅಂಕಿ ಇಡುವ ಮನಸ್ಸಿತ್ತು. ಅಡುಗೆಮನೆಯ ಮೇಜಿನಲ್ಲಿ ಹೆಂಡತಿಯನ್ನು ಕೇಳಿದಾಗ ಆಕೆ ನಾಲ್ಕೇ ಅಂಕಿ ನೆನಪಿಟ್ಟುಕೊಳ್ಳಬಲ್ಲೆ ಎಂದರಂತೆ. ಆ ನಾಲ್ಕು ಲೋಕಕ್ಕೆಲ್ಲ ನಾಲ್ಕಾಯಿತು. ನಾಲ್ಕಂಕಿಯಲ್ಲಿ ಆಗುವ ಪಿನ್‌ಗಳು ಹತ್ತೇ ಸಾವಿರ. ಮೂರು ಸಲ ತಪ್ಪಿದರೆ ಯಂತ್ರ ಕಾರ್ಡನ್ನು ತಡೆಯುವುದರಿಂದ ಅದು ನಡೆಯುತ್ತದೆ. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದಾದ ಕಡೆ ನಾಲ್ಕಂಕಿ ನಿಲ್ಲದು.

ಈಗ ಪಾಸ್‌ವರ್ಡುಗಳ ತಿಜೋರಿಗೆ ಬರೋಣ. ಇದನ್ನು ಪಾಸ್‌ವರ್ಡ್ ಮ್ಯಾನೇಜರ್ ಎನ್ನುತ್ತಾರೆ. ಗುಪ್ತಲಿಪಿ ಶಾಸ್ತ್ರದಲ್ಲಿ ಹೆಸರಾದ ಬ್ರೂಸ್ ಷ್ನೈಯರ್ 1997ರಲ್ಲಿ ಪಾಸ್‌ವರ್ಡ್ ಸೇಫ್ ಎಂಬ ತಂತ್ರಾಂಶವನ್ನು ಪುಕ್ಕಟೆಯಾಗಿ ಕೊಟ್ಟರು. ನಿಮ್ಮ ಪಾಸ್‌ವರ್ಡುಗಳನ್ನೆಲ್ಲ ಒಂದು ಕಡತದಲ್ಲಿ ಗುಪ್ತಲಿಪಿಯಲ್ಲಿ ಇಡುವುದು, ಆ ಕಡತಕ್ಕೆ ಒಂದೇ ದೊಡ್ಡ ಪಾಸ್‌ವರ್ಡ್. 2003ರಲ್ಲಿ ಜರ್ಮನಿಯ ಡೊಮಿನಿಕ್ ರೈಷ್ಲ್ ಕೀಪಾಸ್ ಎಂಬುದನ್ನು ಹೊರತಂದರು. 2016ರಲ್ಲಿ ಬಿಟ್‌ವಾರ್ಡನ್ ಬಂತು. ಈಗ ಮೊಬೈಲುಗಳಲ್ಲೇ ಇಂಥ ತಿಜೋರಿ ಸೇರಿಕೊಂಡು ಬರುತ್ತದೆ. ಹೊಸ ಖಾತೆ ತೆರೆಯುವಾಗ ಅದೇ ಇಪ್ಪತ್ತು ಅಕ್ಷರದ, ಯಾರ ಹೆಸರೂ ಅಲ್ಲದ, ಅರ್ಥವೇ ಇಲ್ಲದ ಮಾತೊಂದನ್ನು ಹೊಸೆದು ಇಟ್ಟುಕೊಳ್ಳುತ್ತದೆ. ನೀವು ಅದನ್ನು ನೋಡಬೇಕಾಗಿಯೂ ಇಲ್ಲ.

ಇದರ ಇನ್ನೊಂದು ಗುಣ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ತಿಜೋರಿ ಪ್ರತಿ ಪಾಸ್‌ವರ್ಡಿನ ಜೊತೆಗೆ ತಾಣದ ವಿಳಾಸವನ್ನೂ ಬರೆದುಕೊಂಡಿರುತ್ತದೆ. ಕಳ್ಳರು ಬ್ಯಾಂಕಿನ ಹಾಗೇ ಕಾಣುವ ಸುಳ್ಳು ತಾಣ ಮಾಡಿ, ಒಂದಕ್ಷರ ಮಾತ್ರ ಬದಲಾಯಿಸಿ, ಮೊಬೈಲಿಗೆ ಸಂದೇಶ ಕಳುಹಿಸುತ್ತಾರೆ. ಕನ್ನಡ, ಮಲೆಯಾಳ, ಇಂಗ್ಲಿಷ್ ಮೂರರ ನಡುವೆ ಓಡಾಡುವ ನಮ್ಮ ಕಣ್ಣಿಗೆ ಒಂದಕ್ಷರದ ಹೆಚ್ಚುಕಮ್ಮಿ ಹೊಳೆಯದೆ ಹೋಗಬಹುದು. ತಿಜೋರಿಗೆ ಮಾತ್ರ ಹೊಳೆಯುತ್ತದೆ. ವಿಳಾಸ ಸರಿಹೊಂದದಿದ್ದರೆ ಅದು ಪಾಸ್‌ವರ್ಡನ್ನು ತಾನಾಗಿ ತುಂಬುವುದಿಲ್ಲ. ಯೊರ್ದನ್ ಹೊಳೆಯ ಕಾವಲುಗಾರನ ಕೆಲಸವನ್ನೇ ಇಲ್ಲಿ ನಮ್ಮ ಪರವಾಗಿ ಮಾಡುತ್ತದೆ ಎನ್ನಬಹುದು. ಅದು ತುಂಬದೆ ಸುಮ್ಮನಿದ್ದಾಗ ಅವಸರದಿಂದ ಕೈಯಾರೆ ಹೊಡೆಯಲು ಹೋಗಬೇಡಿ, ವಿಳಾಸವನ್ನು ಇನ್ನೊಮ್ಮೆ ಓದಿ.

ಹಾಗಾದರೆ ತಿಜೋರಿಯ ದೊಡ್ಡ ಪಾಸ್‌ವರ್ಡ್ ಹೇಗಿರಬೇಕು? ಅಮೆರಿಕದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ಬಿಲ್ ಬರ್ ಎಂಬವರು 2003ರಲ್ಲಿ ಬರೆದ ಸೂಚನೆಗಳಿಂದಲೇ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಬೆರಸಿ, ಆಗಾಗ ಬದಲಾಯಿಸಿ ಎಂಬ ಉಪದೇಶ ಲೋಕವೆಲ್ಲ ಹಬ್ಬಿತು. ಜನ ಮಾಡಿದ್ದೇನು? ಮಗಳ ಹೆಸರಿನ ಮೊದಲಕ್ಷರ ದೊಡ್ಡದು ಮಾಡಿ ಕೊನೆಗೆ ಒಂದು ಅಂಕಿ, ತಿಂಗಳು ಕಳೆದರೆ ಎರಡು. 2017ರಲ್ಲಿ ಬರ್ ಅವರೇ ತಾನು ಬರೆದದ್ದರಲ್ಲಿ ಹೆಚ್ಚಿನದಕ್ಕೆ ವಿಷಾದವಿದೆ ಎಂದರು. ಅದೇ ವರ್ಷ ಸಂಸ್ಥೆ ಹೊಸ ಸೂಚನೆ ಹೊರಡಿಸಿ, ಕಳುವಾದ ಸುಳಿವಿಲ್ಲದೆ ಸುಮ್ಮನೆ ಬದಲಾಯಿಸಲು ಹೇಳಬೇಡಿ, ಉದ್ದ ಮುಖ್ಯ ಎಂದಿತು.

ಉದ್ದವಾಗಿಯೂ ನೆನಪಿರುವಂತೆಯೂ ಮಾಡಲು ಒಂದು ಹಳ್ಳಿಗರಿಗೂ ಒಗ್ಗುವ ಉಪಾಯವಿದೆ. 1995ರಲ್ಲಿ ಅರ್ನಾಲ್ಡ್ ರೈನ್‌ಹೋಲ್ಡ್ ಎಂಬವರು 7,776 ಪದಗಳ ಪಟ್ಟಿ ಮಾಡಿದರು. ಆರು ಮುಖದ ದಾಳವನ್ನು ಐದು ಸಲ ಉರುಳಿಸಿದರೆ ಐದಂಕಿಯ ಒಂದು ಸಂಖ್ಯೆ, ಆ ಸಂಖ್ಯೆಗೆ ಪಟ್ಟಿಯಲ್ಲಿ ಒಂದು ಪದ. ಹೀಗೆ ಐದು ಪದ ತೆಗೆದರೆ ಆಗಬಹುದಾದ ಸಾಲುಗಳ ಸಂಖ್ಯೆ 28ರ ಮುಂದೆ ಹದಿನೆಂಟು ಸೊನ್ನೆ. ಕವಡೆಯಿಂದ ಮಾಡಬಾರದೇ ಎಂದು ಒಬ್ಬರು ಕೇಳಿದ್ದರು. ಬೇಡ, ಕವಡೆ ದಾಳದಷ್ಟು ಸಮನಾಗಿ ಬೀಳುವುದಿಲ್ಲ. ಪದಗಳನ್ನು ದಾಳ ಆರಿಸಬೇಕು, ನಮ್ಮ ಮನಸ್ಸು ಆರಿಸಬಾರದು. ಮನಸ್ಸಿಗೆ ಬಿಟ್ಟರೆ ಮನೆತನದ ಹೆಸರು, ಮನೆದೇವರು, ಮಗನ ಹುಟ್ಟಿದ ವರ್ಷ ಇವೇ ಬರುತ್ತವೆ, ಇವೆಲ್ಲ ನಮ್ಮ ಮದುವೆ ಕಾಗದಗಳಲ್ಲೇ ಅಚ್ಚಾಗಿರುತ್ತವೆ. ಗಾದೆ, ಹಾಡಿನ ಸಾಲು ಕೂಡ ಬೇಡ. ಕನ್ನಡ, ತುಳು, ಮಲೆಯಾಳದ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಾದರೆ ತೊಂದರೆಯಿಲ್ಲ, ಮೊದಲು ಸಾಕಷ್ಟು ಉದ್ದದ ಪಟ್ಟಿ ಮಾಡಿ, ಅದರಿಂದ ದಾಳ ಹಾಕಿಯೇ ತೆಗೆಯಿರಿ.

ಎಲ್ಲ ಮೊಟ್ಟೆಯನ್ನೂ ಒಂದೇ ಬುಟ್ಟಿಯಲ್ಲಿ ಇಡುವುದೇ ಎಂಬ ಪ್ರಶ್ನೆ ನ್ಯಾಯವಾದದ್ದು. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಕಂಪೆನಿಯಲ್ಲಿ ಅದೇ ನಡೆಯಿತು. ಕಳ್ಳರು ಗಿರಾಕಿಗಳ ತಿಜೋರಿಗಳ ನಕಲನ್ನೇ ಹೊತ್ತೊಯ್ದರೆಂದು ಕಂಪೆನಿ ಆ ಡಿಸೆಂಬರಿನಲ್ಲಿ ತಿಳಿಸಿತು. ತಾಣಗಳ ವಿಳಾಸಗಳು ಗುಪ್ತಲಿಪಿಯಲ್ಲಿರಲಿಲ್ಲ, ಅವು ನೇರವಾಗಿ ಕಳ್ಳರ ಕೈಸೇರಿದವು. ಪಾಸ್‌ವರ್ಡುಗಳು ಗುಪ್ತಲಿಪಿಯಲ್ಲಿದ್ದವು, ಅವನ್ನು ತೆರೆಯುವ ದೊಡ್ಡ ಪಾಸ್‌ವರ್ಡ್ ಕಂಪೆನಿಯ ಬಳಿ ಇರಲಿಲ್ಲ. ಅದನ್ನು ಗಟ್ಟಿಯಾಗಿ ಇಟ್ಟವರ ತಿಜೋರಿ ಕಳ್ಳನ ಕೈಯಲ್ಲೂ ಮುಚ್ಚಿಕೊಂಡೇ ಇರಬಲ್ಲದು, ಸುಲಭದ್ದನ್ನು ಇಟ್ಟವರಿಗೆ ಆ ಭರವಸೆಯಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಆ ಅಪಾಯವನ್ನು ಒಪ್ಪಿಕೊಂಡೂ ಕ್ಯಾಲೆಂಡರಿನ ಹಿಂಬದಿಗಿಂತ ತಿಜೋರಿ ವಾಸಿ. ಅಂದ ಹಾಗೆ ಕಾರ್ಬಟೊ ಅವರು 2014ರಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಪಾಸ್‌ವರ್ಡುಗಳು ದುಃಸ್ವಪ್ನವಾಗಿವೆ ಎಂದು ಹೇಳಿ, ತಾವೂ ಮೂರು ಪುಟ ಬೆರಳಚ್ಚು ಮಾಡಿ ಇಟ್ಟುಕೊಂಡಿರುವುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು.

ಹಣದ ವಿಷಯದಲ್ಲಿ ಒಂದು ಕಟ್ಟುನಿಟ್ಟಿನ ಮಾತು ಹೇಳಲೇಬೇಕು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಗಿರಾಕಿಯದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಗೆ ನಷ್ಟವಿಲ್ಲ ಎಂದಿತು. ಆದರೆ ಗಿರಾಕಿಯೇ ತನ್ನ ಗುಟ್ಟಿನ ವಿವರವನ್ನು ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಗಿರಾಕಿಯದೇ ಎಂದೂ ಅಲ್ಲೇ ಹೇಳಿತು. ಅಂಗಡಿಯ ಹುಡುಗ ಒಳ್ಳೆಯವನೇ ಇರಬಹುದು, ಅವನ ನೋಟುಪುಸ್ತಕ ಯಾರ ಕೈಗೆ ಹೋಗುತ್ತದೆ ಎಂದು ಅವನಿಗೂ ತಿಳಿಯದು. ಎ.ಟಿ.ಎಂ. ಪಿನ್, ಯು.ಪಿ.ಐ. ಪಿನ್ ಎರಡನ್ನು ತಿಜೋರಿಯಲ್ಲೂ ಇಡಬೇಡಿ, ತಲೆಯಲ್ಲೇ ಇರಲಿ. ಹಣ ಬರುವುದಕ್ಕೆ ಯು.ಪಿ.ಐ. ಪಿನ್ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಮೋಸವಾಯಿತೆಂದು ತಿಳಿದ ಕೂಡಲೇ ಬ್ಯಾಂಕಿಗೂ 1930ಕ್ಕೂ ಫೋನು ಮಾಡಿ.

ಕೊನೆಯದಾಗಿ, ತಿಜೋರಿಯ ದೊಡ್ಡ ಪಾಸ್‌ವರ್ಡನ್ನು ಮರೆತರೆ ಬಹಳಷ್ಟು ಕಡೆ ಕಂಪೆನಿಗೂ ಅದನ್ನು ತೆರೆಯಲಾಗದು. ಮನೆಯ ಯಜಮಾನ ತೀರಿಕೊಂಡ ಮೇಲೆ ಹೆಂಡತಿ ಮಕ್ಕಳು ಯಾವ ಖಾತೆ ಎಲ್ಲಿದೆ ಎಂದು ತಿಳಿಯದೆ ಶಾಖೆಯ ಬಾಗಿಲಿಗೆ ಅಲೆದದ್ದನ್ನು ಕೌಂಟರಿನ ಈಚೆಯಿಂದ ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಆ ಐದು ಪದಗಳನ್ನು ಒಂದು ಕಾಗದದಲ್ಲಿ ಬರೆಯಿರಿ, ಬೇರೇನನ್ನೂ ಬರೆಯಬೇಡಿ. ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿನ ಮೇಲೆ ಅಡ್ಡಲಾಗಿ ಸಹಿ ಹಾಕಿ, ಜಾಗದ ಕಾಗದಪತ್ರಗಳ ಜೊತೆಗೆ ಬೀಗದೊಳಗೆ ಇಡಿ. ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗೆ ಮಾತ್ರ ಹೇಳಿ. ವರ್ಷಕ್ಕೊಮ್ಮೆ ತೆಗೆದು, ಅಂಟು ಬಿಟ್ಟಿಲ್ಲವಷ್ಟೆ ಎಂದು ನೋಡಿ ಅಲ್ಲೇ ಇಡಿ.